ಕಾಗದಕ್ಕೆ ಹೆಸರಿತ್ತ ಜೇಕು

ಕೆರೆಯಂಚಿನ ಕೆಸರಿನಲ್ಲಿಯೂ ಗದ್ದೆಯ ಬದುವಿನ ಮಗ್ಗುಲಲ್ಲಿಯೂ ಹುಲ್ಲಿನಂತೆ ಬೆಳೆದು ನಿಲ್ಲುವ ಜೇಕನ್ನು ನಮ್ಮಲ್ಲಿ ನೋಡದವರು ವಿರಳ. ಪೈರಿನ ನಡುವೆ ಅದು ತಲೆಯೆತ್ತಿದರೆ ರೈತನು ಕಳೆಯೆಂದು ಕಿತ್ತೆಸೆಯುವನು. ಕೆರೆಯಲ್ಲಿದ್ದರೆ ಅದರ ಗೊಡವೆಗೆ ಯಾರೂ ಹೋಗುವುದಿಲ್ಲ. ಇನ್ನೊಮ್ಮೆ ಅಂಥ ಗಿಡವೊಂದು ಕಣ್ಣಿಗೆ ಬಿದ್ದಾಗ ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬೇಕು. ಹೂವಿನ ಗೊಂಚಲನ್ನು ಹೊತ್ತ ಅದರ ಕಾಂಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಬತ್ತಿ ಹೊಸೆಯುವಂತೆ ಮೆಲ್ಲನೆ ಹೊರಳಿಸಬೇಕು. ಭತ್ತದ ಕಾಂಡವಾದರೆ ಸರಾಗವಾಗಿ ಉರುಳುವುದು. ಜೇಕಿನ ಕಾಂಡವಾದರೋ ತಡೆತಡೆದು, ಒಂದು ಸುತ್ತಿಗೆ ಮೂರು ಸಲ ಬೆರಳನ್ನು ಒತ್ತಿ ಉರುಳುವುದು. ಅದನ್ನು ಅಡ್ಡವಾಗಿ ಕತ್ತರಿಸಿ ನೋಡಿದರೆ ಕಾರಣ ಸ್ಪಷ್ಟವಾಗುವುದು: ಅದರ ಅಡ್ಡಕೊಯ್ತ ದುಂಡಾಗಿಲ್ಲ, ತ್ರಿಕೋನಾಕಾರವಾಗಿದೆ.

ನಾನು ಭೌತಶಾಸ್ತ್ರವನ್ನು ಬೋಧಿಸುವವನು. ಸಸ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಕಡ್ಡಿ ತೊಲೆಗಳು ಭಾರಕ್ಕೆ ಬಾಗುವ ಬಗೆಯನ್ನು ತರಗತಿಯಲ್ಲಿ ವಿವರಿಸುವಾಗ, ಈ ಮೂರು ಮೂಲೆಯ ಕಾಂಡವನ್ನು ವಿದ್ಯಾರ್ಥಿಗಳ ಕೈಗಿತ್ತು ಪರೀಕ್ಷಿಸಿರೆಂದು ಹೇಳುವ ಅಭ್ಯಾಸ ನನಗುಂಟು. ಹೀಗೆ ಪರೀಕ್ಷಿಸಿದ ವಿದ್ಯಾರ್ಥಿಯು ತನಗೆ ತಿಳಿಯದೆಯೇ ಬಹು ದೊಡ್ಡದೊಂದು ಕಥೆಯ ತುದಿಯನ್ನು ಹಿಡಿದಿರುತ್ತಾನೆ. ಏಕೆಂದರೆ ಇದೇ ಕುಲಕ್ಕೆ ಸೇರಿದ, ಇದೇ ರೀತಿಯ ಕಾಂಡವುಳ್ಳ ಒಂದು ದೈತ್ಯ ಜೇಕು ಮೂರು ಸಾವಿರ ವರ್ಷಗಳಿಗೂ ಮೀರಿ ಮಾನವನ ಬರವಣಿಗೆಯನ್ನು ಹೊತ್ತು ನಡೆದಿದೆ. ಅದರ ಹೆಸರು ಪಪೈರಸ್. ಇಂಗ್ಲಿಷಿನ ‘ಪೇಪರ್’ ಎಂಬ ಮಾತು ಹುಟ್ಟಿದುದು ಈ ಹೆಸರಿನಿಂದಲೇ. ಇಂದಿನ ಕಾಗದವನ್ನು ಮಾಡುವ ವಿಧಾನವೇ ಬೇರೆ. ಆದರೂ ನಾವು ‘ಪೇಪರು’ ಎಂದು ಕೇಳಿದಾಗಲೆಲ್ಲ ಈ ಜೇಕಿನ ಹೆಸರನ್ನೇ ಹೇಳುತ್ತಿರುತ್ತೇವೆ.

ಹುಲ್ಲಲ್ಲದ ಹುಲ್ಲು

ಜೇಕುಗಳು ನೋಟಕ್ಕೆ ಹುಲ್ಲಿನಂತಿದ್ದರೂ ಹುಲ್ಲುಗಳಲ್ಲ. ಸಸ್ಯಶಾಸ್ತ್ರಜ್ಞರು ಅವುಗಳನ್ನು ಸೈಪರೇಸೀ ಎಂಬ ಬೇರೆಯ ಕುಟುಂಬಕ್ಕೆ ಸೇರಿಸಿದ್ದಾರೆ. ಪ್ರಪಂಚದಲ್ಲಿ ಈ ಕುಟುಂಬಕ್ಕೆ ಸೇರಿದ ಸುಮಾರು ಐದೂವರೆ ಸಾವಿರ ಪ್ರಭೇದಗಳುಂಟು. ಹುಲ್ಲಿನ ಕಾಂಡ ಸಾಮಾನ್ಯವಾಗಿ ದುಂಡಾಗಿಯೂ ಗಿಣ್ಣುಗಳಿಂದ ಕೂಡಿಯೂ ಇರುವುದು. ಗಿಣ್ಣುಗಳ ನಡುವೆ ಅನೇಕ ವೇಳೆ ಪೊಳ್ಳಾಗಿರುವುದು. ಜೇಕಿನ ಕಾಂಡದಲ್ಲಿ ಇಂಥ ಗಿಣ್ಣುಗಳು ಕಾಣವು; ಒಳಗೆ ಮೃದುವಾದ ಬೆಂಡು ತುಂಬಿರುವುದು. ಹುಲ್ಲಿನ ಎಲೆಗಳು ಕಾಂಡದ ಎರಡು ಕಡೆಗಳಲ್ಲಿ ಎರಡು ಸಾಲಾಗಿ ಹೊರಟರೆ, ಜೇಕಿನ ಎಲೆಗಳು ಮೂರು ಸಾಲಾಗಿ ಹೊರಡುವುವು. ನಮ್ಮ ಹೊಲಗದ್ದೆಗಳ ಕೊನ್ನಾರಿಗಡ್ಡೆ, ಅಂದರೆ ನಾಟಿ ವೈದ್ಯರೂ ಆಯುರ್ವೇದ ಪಂಡಿತರೂ ಬಳಸುವ ಭದ್ರಮುಷ್ಟಿ, ಪಪೈರಸ್ ಗಿಡದ ಹತ್ತಿರದ ದಾಯಾದಿ. ಎರಡೂ ಸೈಪರಸ್ ಎಂಬ ಒಂದೇ ಜಾತಿಗೆ ಸೇರಿದವು. ಒಂದು ಮೊಣಕಾಲಿನ ಎತ್ತರಕ್ಕೆ ಬಂದರೆ ಹೆಚ್ಚು. ಇನ್ನೊಂದು ನಾಲ್ಕೈದು ಮೀಟರು, ಅಂದರೆ ಮನೆಯ ಸೂರನ್ನು ಮೀರಿ ಬೆಳೆಯುವುದು.

ಪಪೈರಸ್ ಗಿಡದ ತವರು ಆಫ್ರಿಕಾ ಖಂಡ. ಉಗಾಂಡ, ಕೀನ್ಯ, ಇಥಿಯೋಪಿಯ ದೇಶಗಳ ಸರೋವರಗಳ ಅಂಚಿನಲ್ಲಿ, ದಕ್ಷಿಣ ಸೂಡಾನಿನಲ್ಲಿ ಬಿಳಿಯ ನೈಲ್ ನದಿ ಹರಡಿಕೊಳ್ಳುವ ಸುದ್ದ್ ಎಂಬ ವಿಶಾಲವಾದ ಜೌಗಿನಲ್ಲಿ, ಬೋಟ್ಸ್ವಾನದ ಒಕವಾಂಗೋ ಕೊಳ್ಳದಲ್ಲಿ ಅದು ಕಾಡಿನಂತೆ ಬೆಳೆಯುವುದು. ‘ಸುದ್ದ್’ ಎಂಬ ಹೆಸರಿಗೆ ಅರಬ್ಬೀ ಭಾಷೆಯಲ್ಲಿ ತಡೆ ಎಂಬ ಅರ್ಥ. ದೋಣಿಗಳು ಮುಂದುವರಿಯದಂತೆ ಈ ಗಿಡಗಳೂ ಇತರ ನೀರುಸಸ್ಯಗಳೂ ನದಿಯನ್ನು ಕಟ್ಟಿಬಿಡುತ್ತಿದ್ದುದರಿಂದ ಆ ಹೆಸರು ಬಂದಿತು. ಆಫ್ರಿಕದ ಹೊರಗೆ ಇಸ್ರೇಲಿನ ಹೂಲಾ ಕಣಿವೆಯಲ್ಲಿಯೂ, ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದ ಬಳಿಯ ಚಿಯಾನೆ ನದಿಯ ದಡದಲ್ಲಿಯೂ ಅದನ್ನು ಕಾಣಬಹುದು.

ಗಿಡದ ರೂಪ ವಿಚಿತ್ರವಾದುದು. ಕೆಸರಿನೊಳಗೆ ಅಡ್ಡಲಾಗಿ ಹರಿಯುವ ದಪ್ಪನೆಯ ಗುಪ್ತಕಾಂಡ. ಅದರಿಂದ ನೆಟ್ಟಗೆ ಮೇಲೇಳುವ ಹಸುರು ಕಾಂಡಗಳು. ಬುಡದಲ್ಲಿ ಕಂದು ಬಣ್ಣದ ಪೊರೆಗಳಾಗಿ ಕುಗ್ಗಿಹೋದ ಎಲೆಗಳು. ತುದಿಯಲ್ಲಿ ಕೂದಲಿನಂತೆ ತೆಳ್ಳಗಿರುವ ನೂರಾರು ಕಡ್ಡಿಗಳ ದೊಡ್ಡದೊಂದು ಚವರಿ. ಎಲೆಗಳಿಲ್ಲದಿರುವಾಗ ಆಹಾರ ತಯಾರಾಗುವುದೆಲ್ಲಿ? ಹಸುರಾದ ಕಾಂಡವೂ ತುದಿಯ ಚವರಿಯೂ ಈ ಕೆಲಸವನ್ನು ಮಾಡುವುವು. ಇದರಲ್ಲಿ ಇನ್ನೊಂದು ವಿಶೇಷವುಂಟು. ಭತ್ತ, ಗೋದಿ ಮೊದಲಾದ ಬಹುಪಾಲು ಸಸ್ಯಗಳು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮೊದಲು ಮೂರು ಇಂಗಾಲದ ಪರಮಾಣುಗಳುಳ್ಳ ಸಂಯುಕ್ತವನ್ನು ಮಾಡುವುವು. ಜೋಳ, ರಾಗಿ, ಕಬ್ಬುಗಳು ಮೊದಲು ನಾಲ್ಕು ಇಂಗಾಲದ ಸಂಯುಕ್ತವನ್ನು ಮಾಡುವುವು. ಬಿಸಿಲು ಹೆಚ್ಚಾದಷ್ಟೂ ಈ ಎರಡನೆಯ ವಿಧಾನ ಲಾಭದಾಯಕ. ಪಪೈರಸ್ ಕೂಡ ಈ ಎರಡನೆಯ ಪಂಗಡದ್ದು. ಉಷ್ಣವಲಯದ ಬಿಸಿಲು, ಕಾಲ ಬುಡದಲ್ಲಿ ಸದಾ ನೀರು, ಇವೆರಡೂ ಸೇರಿದುದರಿಂದ ಅದು ಭೂಮಿಯ ಮೇಲೆ ಅತಿ ಶೀಘ್ರವಾಗಿ ಬೆಳೆಯುವ ಸಸ್ಯಗಳಲ್ಲಿ ಒಂದೆನಿಸಿದೆ.

ಮೂರು ಮೂಲೆಯ ಲಾಭ

ಈಗ ಆ ತ್ರಿಕೋನಕ್ಕೆ ಹಿಂದಿರುಗೋಣ. ನಾಲ್ಕು ಮೀಟರು ಎತ್ತರದ ತೆಳ್ಳನೆಯ ಕಾಂಡವೊಂದು ತಲೆಯ ಮೇಲೆ ಚವರಿಯನ್ನು ಹೊತ್ತು, ಬಯಲು ನೀರಿನ ಮೇಲೆ ಬೀಸುವ ಗಾಳಿಗೆ ಎದುರಾಗಿ ನಿಲ್ಲಬೇಕು. ಅದಕ್ಕೆ ಮರದಂಥ ಗಟ್ಟಿ ಕಾಷ್ಠವಿಲ್ಲ. ಅದು ಮುರಿಯದೆ ನಿಲ್ಲುವುದು ಹೇಗೆ?

ಒಂದೇ ಪದಾರ್ಥದಿಂದ ಮಾಡಿದ, ಅಡ್ಡಕೊಯ್ತದ ವಿಸ್ತೀರ್ಣವೂ ಒಂದೇ ಆಗಿರುವ ಎರಡು ಕಡ್ಡಿಗಳನ್ನು ಊಹಿಸಿಕೊಳ್ಳೋಣ; ಒಂದು ದುಂಡಗಿನದು, ಇನ್ನೊಂದು ಸಮಬಾಹು ತ್ರಿಕೋನದ್ದು. ಎರಡರಲ್ಲಿಯೂ ವ್ಯಯವಾದ ಪದಾರ್ಥ ಸಮಾನ. ಕಡ್ಡಿಯನ್ನು ಬಾಗಿಸುವಾಗ ನಡುಮಧ್ಯದ ಭಾಗಕ್ಕಿಂತ ಅದರಿಂದ ದೂರದಲ್ಲಿರುವ ಭಾಗವೇ ಹೆಚ್ಚಾಗಿ ಪ್ರತಿರೋಧಿಸುವುದು. ತ್ರಿಕೋನದಲ್ಲಿ ಪದಾರ್ಥದ ಒಂದಂಶ ಮೂಲೆಗಳಲ್ಲಿ, ಅಂದರೆ ಮಧ್ಯದಿಂದ ದೂರದಲ್ಲಿ, ಕುಳಿತಿದೆ. ಲೆಕ್ಕ ಹಾಕಿ ನೋಡಿದರೆ ತ್ರಿಕೋನದ ಕಡ್ಡಿ ದುಂಡು ಕಡ್ಡಿಗಿಂತ ಸುಮಾರು ನೂರಕ್ಕೆ 21ರಷ್ಟು ಹೆಚ್ಚಾಗಿ ಬಾಗುವಿಕೆಯನ್ನು ತಡೆಯುವುದೆಂದು ತಿಳಿದುಬರುವುದು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಸಮಬಾಹು ತ್ರಿಕೋನದ ಈ ಪ್ರತಿರೋಧ ಒಂದೇ ಆಗಿರುವುದೆಂಬುದು ಗಣಿತದ ಇನ್ನೊಂದು ಸೊಗಸು.

ತಿರುಚುವಾಗ ಸಂಗತಿ ತಲೆಕೆಳಗಾಗುವುದು. ತಿರುಚುವ ಬಲವನ್ನು ಎದುರಿಸುವುದರಲ್ಲಿ ಚೂಪಾದ ಮೂಲೆಗಳ ಪಾತ್ರ ಬಹಳ ಕಡಿಮೆ. ಆದುದರಿಂದ ತ್ರಿಕೋನದ ಕಡ್ಡಿ ದುಂಡು ಕಡ್ಡಿಗಿಂತ ಸುಮಾರು ನೂರಕ್ಕೆ 27ರಷ್ಟು ಕಡಿಮೆ ಪ್ರತಿರೋಧವನ್ನು ತೋರಿ, ಸುಲಭವಾಗಿ ತಿರುಚಿಕೊಳ್ಳುವುದು. ಇದು ದೌರ್ಬಲ್ಯವೆಂದು ತೋರಬಹುದು. ಆದರೆ ಗಾಳಿಯಲ್ಲಿ ನಿಂತ ಗಿಡಕ್ಕೆ ಇದೇ ರಕ್ಷೆ. ಗಾಳಿ ಚವರಿಯ ಒಂದು ಪಕ್ಕವನ್ನು ತಳ್ಳಿದಾಗ ಕಾಂಡವು ತುಸು ತಿರುಗಿ, ಬಲವನ್ನು ತಪ್ಪಿಸಿಕೊಂಡು, ಗಾಳಿ ನಿಂತ ಮೇಲೆ ಮತ್ತೆ ಮೊದಲಿನಂತಾಗುವುದು. ಬಾಗುವುದಕ್ಕೆ ಬಿಗಿ, ತಿರುಚುವುದಕ್ಕೆ ಸಡಿಲ, ಇದೇ ಜೇಕಿನ ನೀತಿ. ನಿಜವಾದ ಕಾಂಡದ ಮೂಲೆಗಳು ಸ್ವಲ್ಪ ದುಂಡಗಾಗಿರುವುದರಿಂದ ಮೇಲಿನ ಅಂಕಿಗಳು ಅದಕ್ಕೆ ಚಾಚೂ ತಪ್ಪದೆ ಹೊಂದುವುದಿಲ್ಲ. ಒಟ್ಟಿನ ಪ್ರವೃತ್ತಿ ಮಾತ್ರ ಇದೇ.

ಕಾಂಡದ ಒಳರಚನೆಯೂ ಇದಕ್ಕೆ ಅನುಗುಣವಾಗಿದೆ. ಹೊರಗಡೆ ಗಟ್ಟಿ ನಾರಿನಿಂದ ಕೂಡಿದ ತೊಗಟೆ. ಒಳಗೆ ಬೆಳ್ಳಗಿನ ಬೆಂಡು. ಬೆಂಡಿನ ಉದ್ದಕ್ಕೂ ಅಲ್ಲಲ್ಲಿ ಹಾದುಹೋಗುವ ನಾಳಗಳ ಎಳೆಗಳು. ಉಳಿದೆಡೆಯೆಲ್ಲ ಗಾಳಿ ತುಂಬಿದ ಗೂಡುಗಳು. ನೀರಿನಲ್ಲಿ ಮುಳುಗಿದ ಬೇರುಗಳಿಗೆ ಆಮ್ಲಜನಕವು ಈ ಗೂಡುಗಳ ಮೂಲಕವೇ ಇಳಿದುಹೋಗುವುದು. ಹಗುರ, ಬಿಗಿ, ತೇಲುವ ಗುಣ, ಉದ್ದವಾದ ನಾರು: ಮನುಷ್ಯನು ಈ ಗಿಡದಿಂದ ಪಡೆದ ಉಪಯೋಗಗಳೆಲ್ಲವೂ ಈ ನಾಲ್ಕರಿಂದಲೇ ಬಂದವು.

ಊಟದಿಂದ ಓಡದವರೆಗೆ

ಪ್ರಾಚೀನ ಈಜಿಪ್ಟಿನಲ್ಲಿ ಪಪೈರಸ್ ಗಿಡದ ಯಾವ ಭಾಗವೂ ವ್ಯರ್ಥವಾಗುತ್ತಿರಲಿಲ್ಲ. ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೋಟಸನು ಅಲ್ಲಿಯ ಜನ ಕಾಂಡದ ಬುಡದ ಭಾಗವನ್ನು ತಿನ್ನುತ್ತಿದ್ದರೆಂದೂ ಒಲೆಯಲ್ಲಿ ಬೇಯಿಸಿದರೆ ಅದು ಇನ್ನೂ ರುಚಿಯೆಂದು ಬಗೆಯುತ್ತಿದ್ದರೆಂದೂ ಬರೆದಿದ್ದಾನೆ. ಅವನ ಅನಂತರದ ಸಸ್ಯಶಾಸ್ತ್ರಜ್ಞ ಥಿಯೋಫ್ರಾಸ್ಟಸನು, ನಾವು ಕಬ್ಬನ್ನು ತಿನ್ನುವಂತೆ ಅವರು ಕಾಂಡವನ್ನು ಅಗಿದು ರಸವನ್ನು ನುಂಗಿ ಸಿಪ್ಪೆಯನ್ನು ಉಗುಳುತ್ತಿದ್ದ ರೀತಿಯನ್ನು ವರ್ಣಿಸಿದ್ದಾನೆ. ತೊಗಟೆಯ ನಾರಿನಿಂದ ಹಗ್ಗ, ಚಾಪೆ, ಬುಟ್ಟಿ, ಪಾದರಕ್ಷೆ, ಹಾಯಿಬಟ್ಟೆಗಳಾಗುತ್ತಿದ್ದುವು. ಒಣಗಿದ ಗುಪ್ತಕಾಂಡ ಉರುವಲಾಗುತ್ತಿದ್ದಿತು.

ಕಾಂಡಗಳನ್ನು ಕಂತೆಕಂತೆಯಾಗಿ ಬಿಗಿದು ಕಟ್ಟಿದರೆ ದೋಣಿ ಸಿದ್ಧ. ಇಥಿಯೋಪಿಯದ ತಾನಾ ಸರೋವರದಲ್ಲಿ ‘ತಾಂಕ್ವ’ ಎಂಬ ಇಂಥ ದೋಣಿಗಳನ್ನು ಈಗಲೂ ಕಾಣಬಹುದು. ಅವು ಕ್ರಮೇಣ ನೀರನ್ನು ಹೀರಿ ಭಾರವಾಗುವುದರಿಂದ ಆಗಾಗ್ಗೆ ದಡಕ್ಕೆಳೆದು ಒಣಗಿಸಬೇಕು. ಇಂಥ ದೋಣಿ ಸಾಗರವನ್ನು ದಾಟಬಲ್ಲುದೇ? ಇದನ್ನು ಪರೀಕ್ಷಿಸಲು ನಾರ್ವೆಯ ಸಾಹಸಿ ಥಾರ್ ಹೆಯರ್ಡಾಲನು 1969ರಲ್ಲಿ ಮೊರಾಕೋ ದೇಶದ ಸಾಫಿ ಬಂದರಿನಿಂದ ‘ರಾ’ ಎಂಬ ಪಪೈರಸ್ ದೋಣಿಯಲ್ಲಿ ಹೊರಟನು. ಅದು ಅಟ್ಲಾಂಟಿಕ್ ಸಾಗರದ ಬಹುಭಾಗವನ್ನು ದಾಟಿ, ಕೊನೆಯಲ್ಲಿ ಹಿಂಭಾಗ ಕುಸಿದುದರಿಂದ ಅದನ್ನು ಬಿಟ್ಟುಕೊಡಬೇಕಾಯಿತು. ಆದರೂ ಅವನು ಧೃತಿಗೆಡಲಿಲ್ಲ. ಮರುವರ್ಷ ‘ರಾ 2’ ಎಂಬ ಎರಡನೆಯ ದೋಣಿಯಲ್ಲಿ 57 ದಿನಗಳಲ್ಲಿ ಬಾರ್ಬಡೋಸ್ ದ್ವೀಪವನ್ನು ತಲುಪಿದನು. ಪ್ರಾಚೀನರು ಹೀಗೆ ಪ್ರಯಾಣ ಮಾಡಿದರೆಂದು ಇದರಿಂದ ಸಿದ್ಧವಾಗುವುದಿಲ್ಲ. ಮಾಡಬಹುದಾಗಿದ್ದಿತು ಎಂಬಷ್ಟು ಮಾತ್ರ ಸಿದ್ಧವಾಯಿತು.

ಬೆಂಡಿನಿಂದ ಹಾಳೆ

ಇವೆಲ್ಲಕ್ಕಿಂತ ದೊಡ್ಡ ಉಪಯೋಗ ಬರೆಯುವ ಹಾಳೆ. ಕ್ರಿ. ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ತನ್ನ ಪ್ರಕೃತಿ ಚರಿತ್ರೆಯ 13ನೆಯ ಭಾಗದಲ್ಲಿ ಇದನ್ನು ಮಾಡುವ ಬಗೆಯನ್ನು ವಿವರಿಸಿದ್ದಾನೆ. ತತ್ತ್ವ ಸರಳವಾದುದು. ಹಸಿಯ ಕಾಂಡದ ತೊಗಟೆಯನ್ನು ಸುಲಿದು, ಒಳಗಿನ ಬೆಂಡನ್ನು ತೆಳುವಾದ ಉದ್ದನೆಯ ಪಟ್ಟಿಗಳಾಗಿ ಸೀಳುವುದು. ಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದರಂತೆ ಜೋಡಿಸುವುದು. ಅದರ ಮೇಲೆ ಎರಡನೆಯ ಪದರವನ್ನು ಅಡ್ಡಲಾಗಿ, ಲಂಬಕೋನದಲ್ಲಿ, ಹಾಸುವುದು. ಎರಡನ್ನೂ ಸೇರಿಸಿ ಒತ್ತಿ, ಒಣಗಿಸಿ, ಚಿಪ್ಪಿನಿಂದಲೋ ದಂತದಿಂದಲೋ ಉಜ್ಜಿ ನುಣುಪು ಮಾಡುವುದು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು ಅಂಟಿನ ಪ್ರಶ್ನೆ. ಎರಡು ಪದರಗಳ ನಡುವೆ ಬೇರೆ ಅಂಟನ್ನು ಹಚ್ಚದಿದ್ದರೂ ಅವು ಒಂದಾಗುವುವು. ಹಸಿ ಬೆಂಡಿನ ಗಾಳಿಗೂಡುಗಳು ಒತ್ತಡಕ್ಕೆ ಕುಸಿದು ಒಂದರೊಳಗೊಂದು ಸಿಕ್ಕಿಕೊಳ್ಳುವುವು; ಗಿಡದ ರಸವೂ ಒಣಗಿ ಅವುಗಳನ್ನು ಬಿಗಿಯುವುದು. ಎರಡನೆಯದು ಪದರಗಳ ದಿಕ್ಕು. ನಾರು ತನ್ನ ಉದ್ದಕ್ಕೆ ಎಳೆದರೆ ಬಲವಾಗಿರುವುದು; ಅಡ್ಡಕ್ಕೆ ಎಳೆದರೆ ಸುಲಭವಾಗಿ ಸೀಳುವುದು. ಒಂದು ಪದರದ ದೌರ್ಬಲ್ಯವನ್ನು ಅದಕ್ಕೆ ಲಂಬವಾದ ಇನ್ನೊಂದು ಪದರವು ತುಂಬಿಕೊಡುವುದರಿಂದ ಹಾಳೆ ಎರಡು ದಿಕ್ಕಿನಲ್ಲಿಯೂ ಗಟ್ಟಿ. ಇಂದು ಬಡಗಿಯ ಅಂಗಡಿಯಲ್ಲಿ ಕಾಣುವ ಪ್ಲೈವುಡ್ ಹಲಗೆಯ ಗುಟ್ಟೂ ಇದೇ. ಆ ಗುಟ್ಟನ್ನು ನೈಲ್ ನದಿಯ ಕುಶಲಕರ್ಮಿಗಳು ಐದು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು.

ಇಂಥ ಹಾಳೆಗಳನ್ನು ಅಂಚಿಗಂಚು ಅಂಟಿಸಿ ಸುರುಳಿ ಮಾಡುತ್ತಿದ್ದರು. ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿರುವ ‘ಮಹಾ ಹ್ಯಾರಿಸ್ ಪಪೈರಸ್’ ಎಂಬುದರ ಉದ್ದ ಸುಮಾರು 41 ಮೀಟರು. ಹಾಳೆಗಳಲ್ಲಿ ಅನೇಕ ದರ್ಜೆಗಳಿದ್ದುವು. ಅತ್ಯುತ್ತಮವಾದುದಕ್ಕೆ ಚಕ್ರವರ್ತಿ ಅಗಸ್ಟಸನ ಹೆಸರು. ತೀರ ಒರಟಾದುದು ಬರೆಯಲು ಬಾರದೆ ವರ್ತಕರ ಪೊಟ್ಟಣ ಕಟ್ಟಲು ಹೋಗುತ್ತಿದ್ದಿತೆಂದು ಪ್ಲಿನಿ ಹೇಳುತ್ತಾನೆ.

ಒಣಹವೆಯ ಉಪಕಾರ

ನಮಗೆ ದೊರೆತಿರುವ ಅತ್ಯಂತ ಹಳೆಯ ಪಪೈರಸ್ ಸುರುಳಿಯಲ್ಲಿ ಒಂದಕ್ಷರವೂ ಇಲ್ಲ. ಸಕ್ಕಾರದಲ್ಲಿರುವ ಹೆಮಾಕನೆಂಬ ಅಧಿಕಾರಿಯ ಗೋರಿಯಲ್ಲಿ, ಕ್ರಿ. ಪೂ. ಸುಮಾರು 2900ರ ಕಾಲದ ಬರಿಯ ಸುರುಳಿಯೊಂದು ಸಿಕ್ಕಿತು. ಬರೆದ ಪಪೈರಸ್‌ಗಳಲ್ಲಿ ಅತ್ಯಂತ ಹಳೆಯವು 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ದೊರೆತುವು. ಅವುಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯೂ ಸೇರಿದೆ. ಮಹಾ ಪಿರಮಿಡ್ಡಿಗಾಗಿ ತೂರಾ ಗಣಿಯಿಂದ ಗೀಜಾಕ್ಕೆ ಸುಣ್ಣಕಲ್ಲನ್ನು ದೋಣಿಗಳಲ್ಲಿ ಸಾಗಿಸಿದ ಲೆಕ್ಕವನ್ನು ಆತ ಬರೆದಿಟ್ಟಿದ್ದಾನೆ. ಪಿರಮಿಡ್ಡಿನ ಕಲ್ಲು ಹೇಳದೆ ಉಳಿಸಿದ ಮಾತನ್ನು ಜೇಕಿನ ಹಾಳೆ ಹೇಳಿತು! ಗಣಿತದ ವಿದ್ಯಾರ್ಥಿಗಳಿಗೆ ಪರಿಚಿತವಾದ ರಿಂಡ್ ಪಪೈರಸ್ಸಿನಲ್ಲಿ ಅಹ್ಮೋಸನೆಂಬ ಲಿಪಿಕಾರನು ವೃತ್ತದ ವಿಸ್ತೀರ್ಣವನ್ನು ಕಂಡುಹಿಡಿಯಲು ವ್ಯಾಸದ ಒಂಬತ್ತರಲ್ಲೆಂಟು ಭಾಗವನ್ನು ವರ್ಗ ಮಾಡಬೇಕೆಂದು ಹೇಳಿದ್ದಾನೆ. ಇದರಿಂದ ‘ಪೈ’ಯ ಬೆಲೆ 3.16 ಎಂದಾಗುವುದು.

ಬೆಂಡಿನ ಹಾಳೆ ಇಷ್ಟು ಕಾಲ ಉಳಿದುದು ಹೇಗೆ? ಅದನ್ನು ತಿನ್ನುವ ಬೂಷ್ಟು ಬ್ಯಾಕ್ಟೀರಿಯಗಳಿಗೆ ತೇವ ಬೇಕು. ಈಜಿಪ್ಟಿನ ಮರಳುಗಾಡಿನಲ್ಲಿ ಆ ತೇವವಿಲ್ಲ. ಯೂರೋಪಿನ ತೇವದ ಹವೆಗೆ ಕೊಂಡೊಯ್ದ ಹಾಳೆಗಳಲ್ಲಿ ಬಹುಪಾಲು ಕೊಳೆತುಹೋದುವು. ನಮ್ಮ ಓಲೆಗರಿಗಳನ್ನು ಹಿರಿಯರು ಎಣ್ಣೆ ಸವರಿ, ಹಳೆಯದು ಶಿಥಿಲವಾದಂತೆ ಪ್ರತಿ ಮಾಡಿಸಿ ಕಾಪಾಡಬೇಕಾದುದಕ್ಕೂ ಕಾರಣ ಇದೇ ತೇವ.

ಈ ಒಣಹವೆಯ ಉಪಕಾರ ಕನ್ನಡಕ್ಕೂ ಸಂದಿರಬಹುದು. ಕೈರೋ ನಗರದ ದಕ್ಷಿಣಕ್ಕಿರುವ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು 19ನೆಯ ಶತಮಾನದ ಕೊನೆಯಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಅಗೆಸಿದರು. ಅಲ್ಲಿ ರಾಶಿರಾಶಿಯಾಗಿ ದೊರೆತ ಪಪೈರಸ್‌ಗಳಲ್ಲಿ 413ನೆಯ ಸಂಖ್ಯೆಯದು, 1903ರಲ್ಲಿ ಪ್ರಕಟವಾದುದು, ಒಂದು ಗ್ರೀಕ್ ಪ್ರಹಸನ. ಖಾರಿಟಿಯಾನ್ ಎಂಬ ಗ್ರೀಕ್ ಯುವತಿ ಭಾರತದ ಸಮುದ್ರತೀರದ ರಾಜನ ಕೈಯಲ್ಲಿ ಸಿಕ್ಕಿ, ಅಣ್ಣನಿಂದ ಬಿಡುಗಡೆ ಹೊಂದುವ ಕಥೆ ಅದರಲ್ಲಿದೆ. ಆ ರಾಜನೂ ಅವನ ಪರಿವಾರದವರೂ ಆಡುವ ಕೆಲವು ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡವಿರಬಹುದೆಂದು 1904ರಲ್ಲಿ ಶಾಸನತಜ್ಞ ಹುಲ್ಟ್ಷ್ ಸೂಚಿಸಿದನು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ವಿಷಯವನ್ನು ವಿಮರ್ಶಿಸಿದರು. ಅದು ತುಳುವೆಂದು ಕೆಲವರು, ಯಾವ ಭಾಷೆಯೂ ಅಲ್ಲದ ಹಾಸ್ಯದ ತೊದಲೆಂದು ಕೆಲವರು ವಾದಿಸಿದ್ದಾರೆ, ಚರ್ಚೆ ಮುಗಿದಿಲ್ಲ. ಈ ಹಸ್ತಪ್ರತಿ ಕ್ರಿ. ಶ. 2ನೆಯ ಶತಮಾನದ ಸುಮಾರಿನದು. ಹಲ್ಮಿಡಿ ಶಾಸನ ಸುಮಾರು ಕ್ರಿ. ಶ. 450ರದು. ಆ ಮಾತುಗಳು ಕನ್ನಡವೇ ಆಗಿದ್ದಲ್ಲಿ, ನಮ್ಮ ನುಡಿಯ ಮಾತುಗಳನ್ನು ಹಲ್ಮಿಡಿಯ ಕಲ್ಲಿಗಿಂತ ಮುಂಚೆ ದೂರದೇಶದ ಜೇಕಿನ ಹಾಳೆಯೊಂದು ಹಿಡಿದಿಟ್ಟಂತಾಗುವುದು.

ಸುಟ್ಟು ಇದ್ದಲಾದ ಪಪೈರಸ್ ಕೂಡ ಮಾತನಾಡಬಲ್ಲುದೆಂದು ಇತ್ತೀಚೆಗೆ ತಿಳಿದುಬಂದಿದೆ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತ ಬೆಂಕಿಯುಗುಳಿದಾಗ ಹರ್ಕ್ಯುಲೇನಿಯಮ್ ಪಟ್ಟಣದ ಗ್ರಂಥಭಂಡಾರವೊಂದು ಹೂತುಹೋಯಿತು. 1752ರಿಂದ ಅಲ್ಲಿಯ ಸುರುಳಿಗಳು ಕರಿಯ ಕೊರಡುಗಳಂತೆ ದೊರೆತುವು. ಬಿಚ್ಚಹೋದರೆ ಪುಡಿಯಾಗುವುವು. ಕ್ಷ-ಕಿರಣಗಳಿಂದ ಒಳಪದರಗಳನ್ನು ನೋಡಬಹುದಾದರೂ ಮಸಿಯೂ ಇಂಗಾಲ, ಹಾಳೆಯೂ ಇಂಗಾಲ. ಎರಡಕ್ಕೂ ಭೇದ ಕಾಣದು. ಮಸಿ ಬಿದ್ದ ಕಡೆ ಮೇಲ್ಮೈಯಲ್ಲಿರುವ ಅತಿ ಸೂಕ್ಷ್ಮವಾದ ವ್ಯತ್ಯಾಸವನ್ನು ಗಣಕಯಂತ್ರಕ್ಕೆ ಕಲಿಸಿ, 2023ರಲ್ಲಿ ಬಿಚ್ಚದ ಸುರುಳಿಯೊಂದರಿಂದ ಮೊದಲ ಪದವನ್ನು ಓದಿದರು. ಕಡುನೇರಿಳೆ ಬಣ್ಣವೆಂಬ ಅರ್ಥದ ಗ್ರೀಕ್ ಪದ ಅದು. ಓದಿದವರು ವೃದ್ಧ ಪಂಡಿತರಲ್ಲ. ಅಮೆರಿಕದ 21 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬನು, ಮತ್ತು ಸ್ವತಂತ್ರವಾಗಿ ಅದೇ ಪದವನ್ನು ಕಂಡ, ಬರ್ಲಿನ್ನಿನಲ್ಲಿ ಓದುತ್ತಿದ್ದ ಈಜಿಪ್ಟ್ ದೇಶದ ಇನ್ನೊಬ್ಬನು.

ಬೇಸಾಯ, ಕಣ್ಮರೆ, ಪುನರಾಗಮನ

ಇಷ್ಟೊಂದು ಬೇಡಿಕೆಯುಳ್ಳ ಗಿಡ ತಾನಾಗಿ ಬೆಳೆದಷ್ಟರಿಂದ ಸಾಲದು. ನೈಲ್ ಮುಖಜಭೂಮಿಯ ಜೌಗುಗಳನ್ನು ಗುತ್ತಿಗೆಗೆ ಕೊಟ್ಟು, ಪಪೈರಸ್ಸನ್ನು ಬೆಳೆಸಿ ಕೊಯ್ಯುತ್ತಿದ್ದರು. ಕೆಲವರು ಬೆಲೆಯೇರಲೆಂದು ಬೇಕೆಂದೇ ಅದನ್ನು ಹಲವು ಕಡೆ ಬೆಳೆಯಗೊಡುತ್ತಿರಲಿಲ್ಲವೆಂದು ಭೂಗೋಳಕಾರ ಸ್ಟ್ರೇಬೋ ದೂರಿದ್ದಾನೆ. ವ್ಯಾಪಾರದ ಕಪಟ ಇಂದಿನದಲ್ಲ!

ಬಳಿಕ ಚೀನಾದಲ್ಲಿ ಹುಟ್ಟಿದ ಕಾಗದ 8ನೆಯ ಶತಮಾನದಲ್ಲಿ ಅರಬ್ಬರ ನಾಡುಗಳಿಗೆ ಬಂದಿತು. ಚಿಂದಿಬಟ್ಟೆಯಿಂದ, ಎಲ್ಲಿ ಬೇಕಾದರಲ್ಲಿ ಮಾಡಬಹುದಾದ ಕಾಗದದೆದುರು ಒಂದೇ ನಾಡಿನ ಜೌಗಿನಲ್ಲಿ ಬೆಳೆಯುವ ಪಪೈರಸ್ ನಿಲ್ಲಲಾರದೆ ಹೋಯಿತು. 11ನೆಯ ಶತಮಾನದ ವೇಳೆಗೆ ಅದರ ಕೈಗಾರಿಕೆ ನಿಂತುಹೋಯಿತು. ಹಾಳೆಗೆ ಬೇಡಿಕೆ ತಪ್ಪಿದೊಡನೆ ಜೌಗನ್ನು ಕಾಯುವವರಿಲ್ಲವಾದರು. ನದಿಯ ಕವಲುಗಳು ಹೂಳಿನಿಂದ ತುಂಬಿದುವು. ನೀರನ್ನು ಬಸಿದು ನೆಲವನ್ನು ಧಾನ್ಯಕ್ಕೆ ಒದಗಿಸಿದರು. 19ನೆಯ ಶತಮಾನದ ವೇಳೆಗೆ, ದೇವಾಲಯಗಳ ಕಂಬಕಂಬದಲ್ಲಿಯೂ ಪಪೈರಸ್ಸಿನ ರೂಪವನ್ನು ಕೆತ್ತಿದ ಆ ನಾಡಿನಲ್ಲಿ ಜೀವಂತ ಪಪೈರಸ್ ಹುಡುಕಿದರೂ ಸಿಗದಂತಾಯಿತು. 1968ರಲ್ಲಿ ವಾದಿ ನತ್ರೂನ್ ಎಂಬಲ್ಲಿ ಸಸ್ಯಶಾಸ್ತ್ರಜ್ಞರು ಕಂಡ ಒಂದು ಚಿಕ್ಕ ಗುಂಪು ಮಾತ್ರ ಇದಕ್ಕೆ ಅಪವಾದ.

ಅದೇ ದಶಕದಲ್ಲಿ ಎಂಜಿನಿಯರರೂ ಚೀನಾದಲ್ಲಿ ಈಜಿಪ್ಟಿನ ರಾಯಭಾರಿಯೂ ಆಗಿದ್ದ ಹಸನ್ ರಗಬ್ ಎಂಬವರು ಸೂಡಾನಿನಿಂದ ಗುಪ್ತಕಾಂಡಗಳನ್ನು ತರಿಸಿ, ಗೀಜಾದ ಬಳಿ ನೈಲ್ ನದಿಯಲ್ಲಿ ನೆಟ್ಟರು. ಮರೆತುಹೋದ ಹಾಳೆಯ ತಯಾರಿಕೆಯನ್ನು ಪ್ರಯೋಗದಿಂದ ಮತ್ತೆ ಕಂಡುಕೊಂಡು ಕೈರೋದಲ್ಲಿ ಒಂದು ಸಂಸ್ಥೆಯನ್ನೂ ಸ್ಥಾಪಿಸಿದರು. ಇಂದು ಅಲ್ಲಿ ಪ್ರವಾಸಿಗಳಿಗೆ ಮಾರುವ ಚಿತ್ರಗಳ ಹಾಳೆಗೆ ಮೂಲ ಈ ಪ್ರಯತ್ನವೇ.

ಗಿಡವನ್ನು ಬೆಳೆಸುವುದು ಕಷ್ಟವಲ್ಲ. ಮೊಳಕೆಗಳಿರುವ ಗುಪ್ತಕಾಂಡದ ತುಂಡನ್ನು ಗೊಬ್ಬರದ ಕೆಸರಿನಲ್ಲಿ ಮೇಲುಮೇಲಾಗಿ ಹೂತು, ನಾಲ್ಕೈದು ಬೆರಳಷ್ಟು ನೀರು ನಿಲ್ಲಿಸಿ, ಬಿಸಿಲಿನಲ್ಲಿಡಬೇಕು. ಬೀಜ ಬಹು ಚಿಕ್ಕದು. ಬೆಳಕಿಲ್ಲದೆ ಮೊಳೆಯದಾದುದರಿಂದ ಒದ್ದೆ ಮಣ್ಣಿನ ಮೇಲೆ ಚೆಲ್ಲಬೇಕೇ ಹೊರತು ಮುಚ್ಚಬಾರದು. ಹಿಮ ಬೀಳುವ ಚಳಿಯನ್ನು ಗಿಡ ತಾಳದು. ಕಾಲೇಜಿನ ಉದ್ಯಾನದಲ್ಲಿ ಬೆಳೆಸಬಯಸುವವರು ತೊಟ್ಟಿಯಲ್ಲಿಯೇ ಬೆಳೆಸಬೇಕು, ಕೆರೆಗೆ ಬಿಡಬಾರದು. ಅಮೆರಿಕದ ಫ್ಲಾರಿಡದಲ್ಲಿ ಹೀಗೆ ಉದ್ಯಾನದಿಂದ ತಪ್ಪಿಸಿಕೊಂಡು ಕಾಡುಗಿಡವಾಗಿದೆ.

ಜೌಗಿನ ಬೆಲೆ

ಪಪೈರಸ್ಸಿನ ಇನ್ನೊಂದು ಉಪಯೋಗವನ್ನು ಪ್ರಾಚೀನರು ಬರೆದಿಡಲಿಲ್ಲ. ಅದು ಕಾಂಡವನ್ನು ಕೊಯ್ದು ಪಡೆಯುವುದಲ್ಲ. ಗಿಡವನ್ನು ಇದ್ದಲ್ಲಿಯೇ ಬಿಟ್ಟು ಪಡೆಯುವುದು. ಉಗಾಂಡದ ಕಂಪಾಲ ನಗರದ ಕೊಳೆನೀರು ವಿಕ್ಟೋರಿಯ ಸರೋವರವನ್ನು ಸೇರುವ ಮುನ್ನ ನಕಿವುಬೊ ಎಂಬ ಜೌಗನ್ನು ಹಾಯುವುದು. ಅಲ್ಲಿಯ ಪಪೈರಸ್ಸೂ ಇತರ ಸಸ್ಯಗಳೂ ನೀರಿನ ಸಾರಜನಕ, ರಂಜಕಗಳನ್ನು ತಮ್ಮ ಬೆಳವಣಿಗೆಗೆ ಹೀರಿಕೊಳ್ಳುವುವು. ಕೆಸರು ತಳದಲ್ಲಿ ನಿಲ್ಲುವುದು. ಸತ್ತ ಕಾಂಡಗಳು ಆಮ್ಲಜನಕವಿಲ್ಲದ ನೀರಿನಡಿಯಲ್ಲಿ ಪೂರ್ಣವಾಗಿ ಕೊಳೆಯದೆ ಪದರಪದರವಾಗಿ ಕೂಡಿ, ಗಾಳಿಯಿಂದ ತೆಗೆದ ಇಂಗಾಲವನ್ನು ಶತಮಾನಗಳ ಕಾಲ ಹಿಡಿದಿಡುವುವು.

ಈ ಹಿಡಿತ ತಪ್ಪಿದರೆ ಏನಾಗುವುದೆಂಬುದಕ್ಕೆ ಹೂಲಾ ಕಣಿವೆಯೇ ಸಾಕ್ಷಿ. ಮಲೇರಿಯ ತೊಲಗಲಿ, ಬೇಸಾಯದ ನೆಲ ಸಿಗಲಿ ಎಂದು 1950ರ ದಶಕದಲ್ಲಿ ಅಲ್ಲಿಯ ಸರೋವರವನ್ನೂ ಪಪೈರಸ್ ಜೌಗನ್ನೂ ಬಸಿದರು. ಉದ್ದೇಶ ಒಳ್ಳೆಯದೇ. ಆದರೆ ಒಣಗಿದ ಸಸ್ಯಾವಶೇಷದ ನೆಲಕ್ಕೆ ಗಾಳಿ ತಾಕಿದೊಡನೆ ಅದು ಉತ್ಕರ್ಷಣ ಹೊಂದಿ ಕುಸಿಯತೊಡಗಿತು. ನೆಲದೊಳಗೇ ಬೆಂಕಿ ಹತ್ತಿತು. ನೈಟ್ರೇಟುಗಳು ಕೊಚ್ಚಿ ಕೆಳಗಿನ ಗಲಿಲೀ ಸರೋವರವನ್ನು ಸೇರಿದುವು. ಕೊನೆಗೆ 1994ರಲ್ಲಿ ಆ ನೆಲದ ಒಂದು ಭಾಗಕ್ಕೆ ಮತ್ತೆ ನೀರು ಬಿಡಬೇಕಾಯಿತು. ಜೌಗನ್ನು ಬಸಿಯುವುದು ಕೆಲವು ವರ್ಷಗಳ ಕೆಲಸ. ಅದು ಕಟ್ಟಿದುದನ್ನು ಮತ್ತೆ ಕಟ್ಟುವುದು ಸಹಸ್ರಾರು ವರ್ಷಗಳ ಕೆಲಸ.

ಪಪೈರಸ್ಸಿನ ಕಥೆಯಿಂದ ಇಷ್ಟನ್ನು ತಿಳಿಯಬಹುದು. ಒಂದೇ ಉಪಯೋಗಕ್ಕಾಗಿ ಗಿಡವನ್ನು ಕಾಪಾಡಿದ ನಾಡು, ಆ ಉಪಯೋಗ ತೀರಿದ ದಿನ ಗಿಡವನ್ನೂ ಕಳೆದುಕೊಂಡಿತು. ಅದರ ಉಳಿದ ಕೆಲಸ ಕಣ್ಣಿಗೆ ಬೀಳದಂಥದು. ಗಿಡ ಹೋದ ಮೇಲೆಯೇ ಅದರ ಲೆಕ್ಕ ಸಿಕ್ಕುವುದು. ನಮ್ಮ ಕೆರೆಗಳ ಹಿನ್ನೀರಿನ ಜೇಕೂ ಅಳತೆಯಲ್ಲಿ ಚಿಕ್ಕದಾದರೂ ಮಾಡುವುದು ಇದೇ ಬಗೆಯ ಕೆಲಸ. ಗದ್ದೆಯಲ್ಲಿ ಅದು ಕಳೆ ನಿಜ. ಕಿತ್ತ ರೈತನದು ತಪ್ಪಲ್ಲ. ಆದರೆ ಕೆರೆಯಂಚಿನಲ್ಲಿಯೂ ಅದು ಕಳೆಯೇ ಎಂದು ತೀರ್ಮಾನಿಸುವ ಮುನ್ನ, ಬೆರಳುಗಳ ನಡುವೆ ಒಮ್ಮೆ ಹೊರಳಿಸಿ ಅದರ ಮೂರು ಮೂಲೆಗಳನ್ನು ಎಣಿಸಿ ನೋಡುವುದು ಲೇಸು.